ಎರಡು ಅಡಿ ಗಾಜಿನೊಳಗಿನ ಜಗಳ

ಪೆರ್ನಾಲಿಗೆ ಸಿಕ್ಕಿದ ದುಡ್ಡನ್ನು ಕೂಡಿಟ್ಟು ಅಕ್ವೇರಿಯಂ ಕೊಳ್ಳುವ ಹುಮ್ಮಸ್ಸು ನಮ್ಮ ಗೆಳೆಯರಲ್ಲಿ ಈಗ ಜೋರಾಗಿದೆ. ಗಪ್ಪಿ, ಗೋಲ್ಡ್ ಫಿಶ್ ದಾಟಿ ಕೆಲವರು ಡಿಸ್ಕಸ್‌ವರೆಗೆ ಬಂದಿದ್ದಾರೆ. ತಟ್ಟೆಯಂತೆ ದುಂಡಗಿನ, ಬಣ್ಣದ ಗೆರೆಗಳ ಈ ಮೀನು ನೋಡಲು ನಿಜಕ್ಕೂ ಚೆಂದ. ಆದರೆ ತಂದು ಕೆಲವೇ ದಿನಗಳಲ್ಲಿ ಎಲ್ಲರದ್ದೂ ಒಂದೇ ದೂರು: ಒಂದು ಮೀನು ಇನ್ನೊಂದನ್ನು ತಿನ್ನಲು ಬಿಡುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತಲೇ ಇರುತ್ತದೆ. ಮೀನು ಜಗಳಗಂಟಿ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ನನ್ನ ಪ್ರಕಾರ ತಪ್ಪು ಮೀನಿನದ್ದಲ್ಲ, ನಾವು ಕೊಟ್ಟ ಜಾಗದ್ದು.

ಡಿಸ್ಕಸ್ ಅಮೆಜಾನ್ ನದಿ ಬಯಲಿನ ಮೀನು, ಸಿಕ್ಲಿಡ್ ಕುಟುಂಬಕ್ಕೆ ಸೇರಿದ್ದು. ಗುಂಪಾಗಿ ಬದುಕುತ್ತದೆ, ಗುಂಪಿನೊಳಗೆ ದೊಡ್ಡವ, ಚಿಕ್ಕವ ಎಂಬ ಸಾಲು ಇರುತ್ತದೆ. ನದಿಯಲ್ಲಿ ಸೋತ ಮೀನು ಬೇರುಗಳ ಸಂದಿಗೆ ಸರಿದುಕೊಂಡರೆ ಅಲ್ಲಿಗೆ ಜಗಳ ಮುಗಿಯಿತು. ಗಾಜಿನ ಪೆಟ್ಟಿಗೆಯಲ್ಲಿ ಸೋತದ್ದು ಹೋಗುವುದೆಲ್ಲಿಗೆ? ಮೂಲೆ ಸೇರುತ್ತದೆ, ಮೈ ಕಪ್ಪಾಗುತ್ತದೆ, ಆಹಾರ ಬಿಡುತ್ತದೆ, ಕೊನೆಗೆ ರೋಗ ಬಂದು ಸಾಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಬೆಳೆದ ಒಂದು ಡಿಸ್ಕಸ್‌ಗೆ ಸುಮಾರು 40 ಲೀಟರ್ ನೀರು ಬೇಕೆಂಬುದು ಸಾಕುವವರ ಸಾಮಾನ್ಯ ಲೆಕ್ಕ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡು ಅಡಿಯ ಟ್ಯಾಂಕ್ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಹಿಡಿಯುವುದು 54 ಲೀಟರ್. ಅಂದರೆ ಒಂದೇ ಮೀನಿಗೆ ಸಾಕು. ಆದರೆ ಡಿಸ್ಕಸ್ ಒಂಟಿಯಾಗಿ ಇರುವ ಮೀನಲ್ಲ. ಎರಡೋ ಮೂರೋ ಬಿಟ್ಟರೆ ಬಲಶಾಲಿಯ ಸಿಟ್ಟೆಲ್ಲ ಒಂದೇ ಮೀನಿನ ಮೇಲೆ ಬೀಳುತ್ತದೆ. ಐದಾರು ಇದ್ದರೆ ಅದು ಹಂಚಿಹೋಗುತ್ತದೆ. ಆರು ಮೀನಿಗೆ 240 ಲೀಟರ್ ಬೇಕು. 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರದ ಟ್ಯಾಂಕ್ 270 ಲೀಟರ್ ಹಿಡಿಯುತ್ತದೆ. ಹಾಗಾಗಿ ಡಿಸ್ಕಸ್ ಎಂದರೆ ನಾಲ್ಕು ಅಡಿಯ ಟ್ಯಾಂಕ್. ಅದು ಆಗದಿದ್ದರೆ ಡಿಸ್ಕಸ್ ಬೇಡ. ನಡುವಿನ ದಾರಿ ಇಲ್ಲ.

ಜಾಗ ಇದ್ದರೂ ಕ್ರಮ ಬೇಕು. ಒಂದೇ ಗಾತ್ರದ ಮರಿಗಳನ್ನು ಒಟ್ಟಿಗೇ ತರಬೇಕು. ಆಹಾರವನ್ನು ಎರಡು ಮೂರು ಕಡೆ ಹಾಕಬೇಕು. ಹೊಸ ಮೀನನ್ನು ಬಿಡುವಾಗ ಮರದ ತುಂಡು, ಗಿಡಗಳ ಜಾಗ ಬದಲಿಸಿ ದೀಪ ಆರಿಸಿದರೆ ಹಳಬರ ಗಡಿರೇಖೆ ಅಳಿಸಿಹೋಗುತ್ತದೆ. ಜಗಳವಾದಾಗ ಪೆಟ್ಟು ತಿಂದ ಮೀನನ್ನು ತೆಗೆಯುವುದು ನಮ್ಮ ರೂಢಿ. ಆಗ ಸಾಲಿನಲ್ಲಿ ಮುಂದಿನ ದುರ್ಬಲ ಮೀನಿನ ಸರದಿ ಬರುತ್ತದೆ. ಹೊಡೆಯುವ ಮೀನನ್ನೇ ಕೆಲವು ದಿನ ಬೇರೆ ಇಟ್ಟು ಮರಳಿ ಬಿಟ್ಟರೆ ಅದು ಹೊಸಬನಂತೆ ಬರುತ್ತದೆ. ಜೋಡಿ ಮೊಟ್ಟೆ ಇಡಲು ಹೊರಟರೆ ಅದಕ್ಕೆ ಬೇರೆ ಟ್ಯಾಂಕೇ ಬೇಕು.

"ಇನ್ನಷ್ಟು ಮೀನು ತುಂಬಿಸಿ, ಜಗಳ ತಾನೇ ನಿಲ್ಲುತ್ತದೆ" ಎನ್ನುವವರಿದ್ದಾರೆ. ಜಗಳ ಕಡಿಮೆಯಾಗಬಹುದು, ಆದರೆ ಮೀನಿನ ಕಸದಿಂದ ಅಮೋನಿಯ ಹೆಚ್ಚುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ನೈಟ್ರೇಟ್ ಮಾಡುತ್ತವೆ ಎಂದು ನಾವು ತರಗತಿಯಲ್ಲಿ ಓದಿದ್ದೇವೆ; ಅವುಗಳಿಗೂ ಒಂದು ಮಿತಿ ಇದೆ. ಉಳಿದದ್ದಕ್ಕೆ ನೀರು ಬದಲಿಸಬೇಕು. 270 ಲೀಟರ್‌ನಲ್ಲಿ ಮೂರನೇ ಒಂದು ಭಾಗವನ್ನು ವಾರಕ್ಕೆ ಎರಡು ಸಲ ಬದಲಿಸಿದರೆ 180 ಲೀಟರ್. ಮಳೆಗಾಲದಲ್ಲಿ ಇದು ಏನೂ ಅಲ್ಲ. ಏಪ್ರಿಲ್, ಮೇಯಲ್ಲಿ ಬಾವಿಯ ತಳ ಕಾಣುವಾಗ, ಮನೆಯಲ್ಲಿ ಉಮ್ಮ ಕೊಡಪಾನ ಲೆಕ್ಕ ಹಾಕುವಾಗ? ಹೊರತೆಗೆದ ನೀರನ್ನು ತೆಂಗು, ಅಡಿಕೆ ಸಸಿಗೆ ಹಾಕಬಹುದು ನಿಜ. ಆದರೂ ಈ ಲೆಕ್ಕವನ್ನು ಮೀನು ಕೊಳ್ಳುವ ಮೊದಲೇ ಮನೆಯವರ ಮುಂದೆ ಇಡಬೇಕು.

ಇನ್ನೊಂದು ಮಾತು. ಸಾಕಲಾಗದ ಮೀನನ್ನು ಬಂಟ್ವಾಳದ ನೇತ್ರಾವತಿಗೋ ಬೆಳ್ತಂಗಡಿಯ ಸೋಮಾವತಿಗೋ ಮೂಡುಬಿದಿರೆ ಕಡೆಯ ಫಲ್ಗುಣಿಗೋ ಬಿಡುವುದು ಕರುಣೆಯಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ನದಿಗಳ ಮೀನುಗಳಿಗೆ ಕುತ್ತಾಗಿರುವುದು ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಾಠದಲ್ಲೇ ಇದೆ. ನಮ್ಮ ಜಿಲ್ಲೆಯ ನದಿಗಳಲ್ಲಿ ಡಿಸ್ಕಸ್‌ನ ದೂರದ ಸಂಬಂಧಿಯೊಂದು ಇದೆ: ಎಟ್ರೋಪ್ಲಸ್ ಕೆನರೆನ್ಸಿಸ್. ಕೇರಳದವರು ಕರಿಮೀನು ಎನ್ನುವುದರ ಹತ್ತಿರದ ಬಂಧು, ಅದೂ ಸಿಕ್ಲಿಡ್. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ವಿವರಿಸಿ ನಮ್ಮ ಕೆನರಾದ ಹೆಸರನ್ನೇ ಇಟ್ಟರು. ಇಂದು ಅದು ಅಳಿವಿನ ಅಪಾಯದಲ್ಲಿರುವ ಮೀನು. ಹೊರಗಿನ ಮೀನನ್ನೂ ಅದರ ರೋಗವನ್ನೂ ಅದರ ಮನೆಗೆ ಬಿಡುವ ಹಕ್ಕು ನಮಗಿಲ್ಲ.

ಹಾಗಾದರೆ ಆಸೆ ಬಿಡಬೇಕೇ? ಬೇಕಿಲ್ಲ. ಆರು ಮಂದಿ ಆರು ಸಣ್ಣ ಟ್ಯಾಂಕ್ ಕೊಳ್ಳುವ ಬದಲು ದುಡ್ಡು ಕೂಡಿಸಿ ಜೀವಶಾಸ್ತ್ರ ಲ್ಯಾಬಿನಲ್ಲಿ ನಾಲ್ಕು ಅಡಿಯ ಒಂದು ಟ್ಯಾಂಕ್ ಇಡೋಣ. ನೀರು ಬದಲಿಸಲು, ಕರೆಂಟ್ ಹೋದಾಗ ಮತ್ತು ರಜೆಯಲ್ಲಿ ನೋಡಿಕೊಳ್ಳಲು ಪಾಳಿ ಮಾಡೋಣ. ಮನೆಯಲ್ಲೇ ಬೇಕೆನ್ನುವವರಿಗೆ 54 ಲೀಟರ್‌ನಲ್ಲಿ ಏಳೆಂಟು ಗಪ್ಪಿಗಳು ಸುಖವಾಗಿರುತ್ತವೆ. ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಮೀನು ಯಾವುದೆಂದು ಆಮೇಲೆ ತೀರ್ಮಾನಿಸಿ.