ಹಂದಿಜ್ವರ: ಮುಚ್ಚಿಟ್ಟರೆ ಊರಿಗೇ ನಷ್ಟ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಸುತ್ತಿನ ಕಾಫಿ ತೋಟಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಿಗೆ ಹಿತ್ತಲಿನ ಹಂದಿಗೂಡು ಹಬ್ಬದೂಟದ ಮೂಲ ಮಾತ್ರವಲ್ಲ, ಕಷ್ಟಕಾಲದ ಕೈಗಂಟೂ ಹೌದು. ಆ ಗಂಟನ್ನೇ ಕಸಿಯಬಲ್ಲ ವ್ಯಾಧಿಯೊಂದು ನಮ್ಮ ನೆರೆಯನ್ನು ತಲುಪಿದೆ.

1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಆಫ್ರಿಕನ್ ಹಂದಿಜ್ವರವು 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. 2022ರ ಜುಲೈಯಲ್ಲಿ ಕೇರಳದ ವಯನಾಡಿನಲ್ಲಿ, 2023ರ ಆರಂಭದಲ್ಲಿ ಮುದುಮಲೈಯ ಕಾಡುಹಂದಿಗಳಲ್ಲಿ, 2025ರ ಆಗಸ್ಟ್‌ನಲ್ಲಿ ನಮ್ಮದೇ ರಾಜ್ಯದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದು ಪತ್ತೆಯಾಯಿತು. ಕಾಡುಹಂದಿಗಳು ತೋಟದೊಳಗೇ ಸುಳಿದಾಡುವ ಮಲೆನಾಡಿಗೆ ಇದು ದೂರದ ಸುದ್ದಿಯಲ್ಲ.

ರೋಗವನ್ನು ಗುರುತಿಸುವುದು ಹೇಗೆ? ಹಂದಿ ಮೇವು ಬಿಡುತ್ತದೆ. ಮೈ ಕಾದು, ಒಂದರ ಮೇಲೊಂದು ಒರಗಿ ಮಲಗುತ್ತವೆ. ಕಿವಿ, ಹೊಟ್ಟೆ, ತೊಡೆಗಳ ಚರ್ಮ ಕೆಂಪಾಗಿ ಬಳಿಕ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಾಂತಿ, ರಕ್ತಮಿಶ್ರಿತ ಭೇದಿ, ಗರ್ಭಪಾತಗಳೂ ಉಂಟು. ತೀವ್ರ ಸ್ವರೂಪದಲ್ಲಿ ಸೋಂಕಿದ ಬಹುತೇಕ ಹಂದಿಗಳೆಲ್ಲ ಸಾಯುತ್ತವೆ.

ಆದರೆ ಕಣ್ಣಳತೆಯ ತೀರ್ಮಾನ ಸಲ್ಲದು. ಮೊದಲಿನಿಂದಲೂ ನಮ್ಮಲ್ಲಿರುವ ಸಾಮಾನ್ಯ ಹಂದಿಜ್ವರದ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಅದಕ್ಕೆ ಲಸಿಕೆಯುಂಟು, ಆಫ್ರಿಕನ್ ಜ್ವರಕ್ಕೆ ನಮ್ಮ ದೇಶದಲ್ಲಿ ಬಳಕೆಗೆ ಲಸಿಕೆಯಿಲ್ಲ, ಎರಡಕ್ಕೂ ಔಷಧವಿಲ್ಲ. ಚರ್ಮದಲ್ಲಿ ಚೌಕಾಕಾರದ ಕೆಂಪು ಉಬ್ಬುಗಳನ್ನೆಬ್ಬಿಸುವ ಎರಿಸಿಪೆಲಾಸ್ ಬ್ಯಾಕ್ಟೀರಿಯಾದ ರೋಗ, ಪೆನಿಸಿಲಿನ್‌ಗೆ ಬಗ್ಗುತ್ತದೆ. ಆದುದರಿಂದ ಪಶುವೈದ್ಯರು ರಕ್ತವನ್ನಾಗಲಿ, ಸತ್ತ ಹಂದಿಯ ಗುಲ್ಮ, ದುಗ್ಧಗ್ರಂಥಿಗಳ ತುಣುಕನ್ನಾಗಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಭೋಪಾಲದ ರಾಷ್ಟ್ರೀಯ ಸಂಸ್ಥೆಯಲ್ಲಿ ಪಿಸಿಆರ್ ಪರೀಕ್ಷೆಯಿಂದ ಸಂಶಯ ಪರಿಹಾರವಾಗುತ್ತದೆ.

ಇಲ್ಲಿಯೇ ನಮ್ಮ ಪರೀಕ್ಷೆಯೂ ಆರಂಭವಾಗುವುದು. ಒಂದು ಹಂದಿ ಸತ್ತೊಡನೆ ಉಳಿದವನ್ನು ಅವಸರದಿಂದ ಕಡಿದು ಮಾರುವ ಆಸೆ ಮೂಡುವುದು ಸಹಜ. ಈ ವೈರಾಣು ಮನುಷ್ಯರಿಗೆ ತಗಲದು, ನಿಜ. ಆದರೆ ಶೀತಲೀಕರಿಸಿದ ಮಾಂಸದಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಹಂಚಿದ ಮಾಂಸದೊಡನೆ ಹತ್ತು ಮನೆಗಳ ಗೂಡಿಗೆ ಹೋಗುತ್ತದೆ. ಮದುವೆ, ಹಬ್ಬದೂಟಗಳ ಎಂಜಲನ್ನು ಬೇಯಿಸದೆ ಹಂದಿಗೆ ಹಾಕುವ ನಮ್ಮ ರೂಢಿಯೇ ಅದಕ್ಕೆ ಹೆದ್ದಾರಿ.

ರೋಗದ ಸಂಶಯವನ್ನು ತಿಳಿಸುವುದು 2009ರ ಕೇಂದ್ರ ಕಾನೂನಿನಂತೆ ಮಾಲೀಕನ ಕರ್ತವ್ಯ. ರೋಗ ದೃಢಪಟ್ಟರೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನು ಕೊಲ್ಲಲಾಗುತ್ತದೆ. ಹಾಗೆ ಕೊಂದವುಗಳಿಗೆ ಪರಿಹಾರವುಂಟು. ಅದು ಬೇಗನೆ ಕೈಸೇರುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಪರಿಹಾರ ತಡವಾದರೆ ಬಡವನು ಸುದ್ದಿ ಮುಚ್ಚಿಡುವನು.

ಎಂಜಲನ್ನು ಚೆನ್ನಾಗಿ ಕುದಿಸೋಣ, ಗೂಡಿಗೆ ಭದ್ರ ಬೇಲಿ ಕಟ್ಟೋಣ, ಸತ್ತ ಹಂದಿಯನ್ನು ಹಳ್ಳಕ್ಕೆಸೆಯದೆ ಪಶುವೈದ್ಯರಿಗೆ ತಿಳಿಸೋಣ. ನೆರೆಯವನ ಗೂಡನ್ನು ಉಳಿಸುವುದೂ ನೆರೆಪ್ರೀತಿಯೇ ಅಲ್ಲವೇ?