ಎಣಿಸುವವರ ಲೆಕ್ಕ ಕೇಳುವವರು ಯಾರು?

ಸಾಲಿಗ್ರಾಮದ ಹೈಸ್ಕೂಲಿನ ವಿದ್ಯಾರ್ಥಿಗೆ ‘ನಿಮ್ಮ ತಾಲ್ಲೂಕಿನ ಜನಸಂಖ್ಯೆ ಮತ್ತು ಸಾಕ್ಷರತೆಯ ವಿವರ ಬರೆಯಿರಿ’ ಎಂದು ಮನೆಗೆಲಸ ಕೊಟ್ಟರೆ ಅವನು ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. 2011ರ ಜನಗಣತಿಯ ಪುಸ್ತಕದಲ್ಲಿ ಮೈಸೂರು ಜಿಲ್ಲೆಗೆ ಇರುವುದು ಏಳೇ ತಾಲ್ಲೂಕು. ಈಗಿರುವುದು ಒಂಬತ್ತು. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಆಮೇಲೆ ಬೇರೆಯಾದವು. ಹೀಗಾಗಿ ಗಣತಿಯ ಪಟ್ಟಿಯಲ್ಲಿ ಸಾಲಿಗ್ರಾಮ ತಾಲ್ಲೂಕಿನ ಹೆಸರಿನ ಸಾಲೇ ಇಲ್ಲ.

ಹಳ್ಳಿ ಹಳ್ಳಿಯ ಅಂಕಿ ಅದೇ ಪುಸ್ತಕದಲ್ಲಿ ಇದೆಯಲ್ಲ, ಒಂದೊಂದಾಗಿ ಕೂಡಿದರಾಯಿತು ಎಂದು ಚುರುಕು ಹುಡುಗಿಯೊಬ್ಬಳು ಹೇಳಿಯಾಳು. ಹೇಳಿದ್ದು ಸರಿಯೇ. ಆದರೆ ಕೂಡಿ ಬರುವುದು 2011ರ ಸಾಲಿಗ್ರಾಮ. ಆಗ ಒಂದನೇ ತರಗತಿಗೆ ಸೇರಿದ ಮಗು ಈಗ ಮತದಾರ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದು ಬಂದಿದ್ದ ಗಣತಿ 2021ರಲ್ಲಿ ನಡೆಯಲಿಲ್ಲ. ಮಹಾಯುದ್ಧದ ನಡುವೆಯೂ, 1941ರಲ್ಲಿ, ಮೊಟಕಾಗಿಯಾದರೂ ಜನರನ್ನು ಎಣಿಸಿದ್ದರು.

ಇದು ಬರೀ ಶಾಲೆಯ ಮನೆಗೆಲಸದ ತೊಂದರೆಯಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಪಡಿತರಕ್ಕೆ ಅರ್ಹರಾದವರ ಸಂಖ್ಯೆಯನ್ನು ‘ಪ್ರಕಟವಾಗಿರುವ ಜನಗಣತಿ’ಯ ಆಧಾರದಲ್ಲೇ ಲೆಕ್ಕ ಹಾಕಬೇಕೆಂದಿದೆ. ಗ್ರಾಮೀಣ ಭಾಗದ ಶೇ. 75, ನಗರದ ಶೇ. 50ರವರೆಗೆ ಎಂಬ ಲೆಕ್ಕದಲ್ಲಿ ದೇಶಕ್ಕೆ 81.35 ಕೋಟಿ ಜನ ಎಂದು ಗೊತ್ತಾದದ್ದು 2011ರ ಗಣತಿಯಿಂದ. ಜನ ಹೆಚ್ಚಿದರೂ ಮೇಲ್ಮಿತಿ ಅಲ್ಲೇ ನಿಂತಿತು. ರೇಷನ್ ಕಾರ್ಡಿಗೆ ಅರ್ಜಿ ಹಾಕಿ ಕಾದು ಕುಳಿತ ಹೊಸ ಸಂಸಾರಕ್ಕೆ ಈ ಅಂಕಿಯ ನಂಟು ಯಾರೂ ಹೇಳಿರುವುದಿಲ್ಲ.

ಹಾಗಾದರೆ ಎಣಿಸುವ ಕೆಲಸ ಯಾರದು, ಅದಕ್ಕೆ ದುಡ್ಡು ಕೊಡುವವರು ಯಾರು, ಕೊಟ್ಟ ದುಡ್ಡಿಗೆ ಕೆಲಸವಾಯಿತೇ ಎಂದು ಕೇಳುವವರು ಯಾರು?

ಎಣಿಸುವ ಮನೆಗಳು ದೆಹಲಿಯಲ್ಲಿ ಎರಡು. ಜನಗಣತಿ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿ ಗೃಹ ಸಚಿವಾಲಯದ ಕೆಳಗಿದೆ. ನಿರುದ್ಯೋಗ, ಮನೆಖರ್ಚು, ಬೆಲೆ ಸೂಚ್ಯಂಕ, ರಾಷ್ಟ್ರೀಯ ವರಮಾನ ಇವನ್ನೆಲ್ಲ ಲೆಕ್ಕ ಹಾಕುವುದು ಸಾಂಖ್ಯಿಕ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ. ಮಹಾಲನೋಬಿಸ್ ಅವರ ಯೋಜನೆಯಂತೆ 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ಎರಡನೆಯ ಮನೆಯದು. 2019ರ ಮೇ ತಿಂಗಳಲ್ಲಿ ಅದನ್ನು ಕೇಂದ್ರೀಯ ಸಾಂಖ್ಯಿಕ ಕಚೇರಿಯೊಡನೆ ಕೂಡಿಸಿ ‘ರಾಷ್ಟ್ರೀಯ ಸಾಂಖ್ಯಿಕ ಕಚೇರಿ’ ಎಂದು ಹೆಸರಿಟ್ಟರು.

ಗಣತಿಯಲ್ಲಿ ಪ್ರತಿ ಮನೆಯ ಬಾಗಿಲನ್ನೂ ತಟ್ಟಬೇಕು. ಸಮೀಕ್ಷೆಯಲ್ಲಿ ಹಾಗಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಅಮ್ಮ ಒಂದೆರಡು ಅಗುಳು ಹಿಸುಕುತ್ತಾರೆ, ಇಡೀ ತಪ್ಪಲೆಯನ್ನಲ್ಲ. ಆದರೆ ಅಗುಳು ತೆಗೆಯುವ ಮೊದಲು ಸೌಟಿನಿಂದ ತಿರುವಿರಬೇಕು, ತೀರಾ ಕಡಿಮೆಯನ್ನೂ ತೆಗೆಯಬಾರದು. ಎಷ್ಟು ತೆಗೆದರೆ ಸಾಕು ಎನ್ನುವುದಕ್ಕೆ ಗಣಿತದ ನಿಯಮವಿದೆ. ಊರಿನಲ್ಲಿ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಇದ್ದಾರೆ ಎನ್ನಿ. ಚೀಟಿ ಎತ್ತಿ 100 ಜನರನ್ನು ಕೇಳಿದರೆ ಉತ್ತರದಲ್ಲಿ ಬರುವ ಪ್ರಮಾಣ ದೋಷ ಶೇಕಡ 5 ಅಂಶ. ಅದನ್ನು ಎರಡೂವರೆಗೆ ಇಳಿಸಲು 200 ಜನ ಸಾಲದು, 400 ಜನರನ್ನು ಕೇಳಬೇಕು. ದೋಷ ಅರ್ಧವಾಗಬೇಕಾದರೆ ಮಾದರಿ ನಾಲ್ಕು ಪಟ್ಟಾಗಬೇಕು. ಇದೇ ವರ್ಗಮೂಲದ ನಿಯಮ.

ವರ್ಗಮೂಲಕ್ಕೂ ಪಾರ್ಲಿಮೆಂಟಿಗೂ ಏನು ಸಂಬಂಧ ಎಂದರೆ, ದುಡ್ಡು. ನಾಲ್ಕು ಪಟ್ಟು ಮನೆಗೆ ಹೋಗಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಜನ, ಬಸ್ ಚಾರ್ಜು, ಭತ್ಯೆ ಎಲ್ಲ ಬೇಕು. 2025ರ ಜನವರಿಯಿಂದ ಕಾರ್ಮಿಕ ಬಲ ಸಮೀಕ್ಷೆಯ ಮಾದರಿಯನ್ನು ವರ್ಷಕ್ಕೆ ಸುಮಾರು 1.02 ಲಕ್ಷ ಮನೆಗಳಿಂದ 2.72 ಲಕ್ಷಕ್ಕೆ ಏರಿಸಿದರು. ಜಿಲ್ಲೆಯನ್ನೇ ಮೂಲ ಘಟಕವಾಗಿ ತೆಗೆದುಕೊಂಡರು. ಮಾದರಿ ಎರಡೂಮುಕ್ಕಾಲು ಪಟ್ಟಿಗೆ ಹತ್ತಿರ ಬಂತು. ದೋಷ ಎಷ್ಟು ಇಳಿಯಬೇಕು? 2.65ರ ವರ್ಗಮೂಲ ಸುಮಾರು 1.63, ಅಂದರೆ ಹಿಂದೆ 100 ಇದ್ದ ದೋಷ 61ರ ಹತ್ತಿರ. (ನಿಜವಾದ ಸಮೀಕ್ಷೆಯ ಲೆಕ್ಕ ಇಷ್ಟು ಸರಳವಲ್ಲ. ಒಂದೇ ಬೀದಿಯ ಹನ್ನೆರಡು ಮನೆ ಕೇಳಿದರೆ ಅವು ಒಂದನ್ನೊಂದು ಹೋಲುತ್ತವೆ.) ಮೈಸೂರು ಜಿಲ್ಲೆಯ ಬಗ್ಗೆ ಏನಾದರೂ ಹೇಳಬಹುದಾದ ಸ್ಥಿತಿ ಬರುತ್ತಿದೆ. ಸಾಲಿಗ್ರಾಮ ತಾಲ್ಲೂಕಿನ ಬಗ್ಗೆ ಈ ಸಮೀಕ್ಷೆಯಿಂದ ಏನೂ ಹೇಳಲು ಬಾರದು, ಅದಕ್ಕೆ ಗಣತಿಯೇ ಬೇಕು.

ಇನ್ನು ದುಡ್ಡು ಕೇಳುವ ಬಗೆ. ಫೆಬ್ರವರಿಯ ಬಜೆಟ್ ಭಾಷಣವನ್ನು ಟಿ.ವಿ.ಯಲ್ಲಿ ನೋಡಿದವರು ಅಲ್ಲಿಗೆ ಮುಗಿಯಿತೆಂದುಕೊಳ್ಳುತ್ತಾರೆ. ಅಸಲಿ ಕೆಲಸ ಆಮೇಲಿನದು. ಸಂವಿಧಾನದ 113ನೇ ವಿಧಿಯಂತೆ ಪ್ರತಿ ಸಚಿವಾಲಯದ ಖರ್ಚೂ ‘ಅನುದಾನದ ಬೇಡಿಕೆ’ಯಾಗಿ ಲೋಕಸಭೆಗೆ ಬರಬೇಕು. ಸಭೆ ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು. ಹೆಚ್ಚಿಸುವಂತಿಲ್ಲ. ಬಜೆಟ್ ಮಂಡಿಸಿದ ಮೇಲೆ ಸದನಗಳಿಗೆ ಕೆಲವು ವಾರ ಬಿಡುವು. ಆ ಬಿಡುವಿನಲ್ಲಿ ಸ್ಥಾಯಿ ಸಮಿತಿಗಳು ಬೇಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತವೆ. ಈ ಪದ್ಧತಿ ಪೂರ್ಣವಾಗಿ ಬಂದದ್ದು 1993ರಲ್ಲಿ, ಆಗ 17 ಸಮಿತಿಗಳಿದ್ದವು. 2004ರಿಂದ 24. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಸಚಿವರಾದವರು ಸದಸ್ಯರಾಗುವಂತಿಲ್ಲ.

ಸಾಂಖ್ಯಿಕ ಸಚಿವಾಲಯ ಬರುವುದು ಹಣಕಾಸು ಸಮಿತಿಯ ಮುಂದೆ. ಜನಗಣತಿಯ ಹಣ ಗೃಹ ವ್ಯವಹಾರಗಳ ಸಮಿತಿಯ ಮುಂದೆ. ಹಣಕಾಸು ಸಮಿತಿಗೆ ತೆರಿಗೆ, ಬ್ಯಾಂಕು, ಕಂಪನಿ ವ್ಯವಹಾರ, ಯೋಜನೆ ಎಲ್ಲವನ್ನೂ ನೋಡಬೇಕು. ಅವುಗಳ ನಡುವೆ ಅಂಕಿ-ಅಂಶದ ಕಚೇರಿ ಮದುವೆ ಮನೆಯ ಕೊನೆಯ ಪಂಕ್ತಿಯವರಂತೆ. ಆದರೂ ಸಮಿತಿ ಕೇಳುವ ಪ್ರಶ್ನೆಗಳು ಸಾಮಾನ್ಯವಲ್ಲ. ಹೋದ ವರ್ಷ ಎಷ್ಟು ಕೇಳಿದಿರಿ, ನಡುವರ್ಷದಲ್ಲಿ ಎಷ್ಟಕ್ಕೆ ಪರಿಷ್ಕರಿಸಿದಿರಿ, ಖರ್ಚಾದದ್ದೆಷ್ಟು, ಖಾಲಿ ಹುದ್ದೆ ಎಷ್ಟು, ಸಮೀಕ್ಷೆ ತಡವಾದದ್ದೇಕೆ? ಬಾಗಿಲು ಹಾಕಿದ ಕೋಣೆಯಲ್ಲಿ ಇಲಾಖೆಯ ಕಾರ್ಯದರ್ಶಿ ಉತ್ತರ ಹೇಳಬೇಕು. ಸಚಿವರನ್ನು ಅಲ್ಲಿಗೆ ಕರೆಯುವುದಿಲ್ಲ, ಅವರು ಉತ್ತರ ಹೇಳುವುದು ತೆರೆದ ಸದನದಲ್ಲಿ. ವರದಿ ಬಂದ ಮೂರು ತಿಂಗಳಲ್ಲಿ ಯಾವ ಶಿಫಾರಸಿಗೆ ಏನು ಮಾಡಿದೆವೆಂದು ಇಲಾಖೆ ಬರೆದುಕೊಡಬೇಕು.

ಸಮಿತಿಯ ಕೈ ಇಷ್ಟಕ್ಕೇ ನಿಲ್ಲುತ್ತದೆ. ಅದರ ಮಾತು ಸಲಹೆ, ಆಜ್ಞೆಯಲ್ಲ. ದಿನನಿತ್ಯದ ಆಡಳಿತದಲ್ಲಿ ತಲೆ ಹಾಕುವಂತಿಲ್ಲ, ಇಷ್ಟು ಹಣ ಕಡಿಯಿರಿ ಎಂದೂ ಬರೆಯುವಂತಿಲ್ಲ. ಕಡಿತ ಸೂಚನೆ ತರುವ ಹಕ್ಕು ಲೋಕಸಭೆಯ ಸದಸ್ಯರದು, ಅದರಲ್ಲೊಂದು ಸ್ವಾರಸ್ಯವಿದೆ. ಇಲಾಖೆಯ ನೀತಿಯೇ ತಪ್ಪು ಎನ್ನುವವರು ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನುತ್ತಾರೆ. ಒಂದು ದೂರು ಹೇಳಬೇಕೆನ್ನುವವರು ನೂರು ರೂಪಾಯಿ ಕಡಿಮೆ ಮಾಡಿ ಎನ್ನುತ್ತಾರೆ. ಸಾವಿರಾರು ಕೋಟಿಯಲ್ಲಿ ನೂರು ರೂಪಾಯಿ! ಬಹುಪಾಲು ಬೇಡಿಕೆಗಳಿಗೆ ಆ ಭಾಗ್ಯವೂ ಇಲ್ಲ. ಕೊನೆಯ ದಿನ ಹೊತ್ತು ಮೀರಿತೆಂದು ಉಳಿದದ್ದನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೆ ‘ಗಿಲೊಟಿನ್’ ಎಂದು ಹೆಸರು. ಫ್ರಾನ್ಸಿನ ಕ್ರಾಂತಿಯ ಪಾಠ ಓದಿದ ಮಕ್ಕಳಿಗೆ ಈ ಹೆಸರೇಕೆಂದು ಹೇಳಬೇಕಿಲ್ಲ.

ಸಾಂಖ್ಯಿಕ ಸಚಿವಾಲಯದ ಬಜೆಟ್ ಪುಟ ತೆರೆದವರಿಗೆ ಒಂದು ಅಚ್ಚರಿ ಕಾದಿದೆ. ಇತ್ತೀಚಿನ ವರ್ಷಗಳಲ್ಲಿ ಮೊತ್ತ ಐದು ಸಾವಿರ ಕೋಟಿ ದಾಟಿದೆ. ಎಣಿಕೆಗೆ ಇಷ್ಟೊಂದು ಹಣವೇ ಎಂದು ಹಿಗ್ಗುವ ಮೊದಲು ಒಂದು ಗುಣಾಕಾರ ಮಾಡಿ. ಲೋಕಸಭೆಯ 543, ರಾಜ್ಯಸಭೆಯ 245, ಒಟ್ಟು 788 ಸದಸ್ಯರು. ಒಬ್ಬೊಬ್ಬರಿಗೆ ವರ್ಷಕ್ಕೆ 5 ಕೋಟಿಯಂತೆ ಸಂಸದರ ಪ್ರದೇಶಾಭಿವೃದ್ಧಿ ನಿಧಿ 3,940 ಕೋಟಿ. 1993ರ ಡಿಸೆಂಬರಿನಲ್ಲಿ ಶುರುವಾದ ಆ ಯೋಜನೆಯನ್ನು ಮಾರನೆಯ ವರ್ಷ ಈ ಸಚಿವಾಲಯಕ್ಕೆ ವಹಿಸಿದ್ದರು, ಇಂದಿಗೂ ಅಲ್ಲೇ ಇದೆ. ಅಂದರೆ ಅಂಕಿ-ಅಂಶದ ಮನೆಯ ದುಡ್ಡಿನಲ್ಲಿ ಸಿಂಹಪಾಲು ಬಸ್ ತಂಗುದಾಣ, ಸಮುದಾಯ ಭವನ, ಕೊಳವೆ ಬಾವಿಗಳಿಗೆ. ಪರೀಕ್ಷಿಸಲು ಕುಳಿತ ಸಂಸದರ ಗಮನ ತಮ್ಮ ನಿಧಿಯ ಕಡೆಗೇ ಹೆಚ್ಚು ಹರಿಯುವುದು ಮನುಷ್ಯ ಸಹಜ. ಎಣಿಕೆಯ ಹಣ ಬೇರೆ ಪುಟದಲ್ಲೇ ಇದ್ದರೆ ಒಳ್ಳೆಯದಿತ್ತು.

ಹಾಗೆಂದು ಅಂಕಿ ಬಲ್ಲವರು ಸದನದಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಸ್ವಾತಂತ್ರ್ಯಕ್ಕೆ ಮೊದಲೇ ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿದ ವಿ.ಕೆ.ಆರ್.ವಿ. ರಾವ್ 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. ಹತ್ತಿರದ ಕಾಲದಲ್ಲೂ ಕನ್ನಡಿಗರ ಹೆಸರಿದೆ. 2014ರಿಂದ 2019ರವರೆಗಿನ ಲೋಕಸಭೆಯಲ್ಲಿ ಹಣಕಾಸು ಸಮಿತಿಯ ಅಧ್ಯಕ್ಷರು ಎಂ. ವೀರಪ್ಪ ಮೊಯಿಲಿ. 2016ರ ಜುಲೈಯಿಂದ ಸಾಂಖ್ಯಿಕ ಸಚಿವರು ಡಿ.ವಿ. ಸದಾನಂದ ಗೌಡ.

ಆ ಅವಧಿಯ ಕೊನೆಯಲ್ಲೇ ದೊಡ್ಡ ಗಲಾಟೆಯಾಯಿತು. 2017-18ರ ಉದ್ಯೋಗ ಸಮೀಕ್ಷೆಯ ವರದಿಗೆ ರಾಷ್ಟ್ರೀಯ ಸಾಂಖ್ಯಿಕ ಆಯೋಗ 2018ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ವರದಿ ಹೊರಬರಲಿಲ್ಲ. ಜನವರಿ ಕೊನೆಗೆ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ವರದಿ ಇನ್ನೂ ಅಂತಿಮವಾಗಿಲ್ಲ ಎಂದು ಸರ್ಕಾರ ಹೇಳಿತು. ಚುನಾವಣೆ ಮುಗಿದ ಮೇಲೆ, 2019ರ ಮೇ 31ರಂದು ವರದಿ ಬಂತು, ನಿರುದ್ಯೋಗ ಶೇ. 6.1. ಅದೇ ವರ್ಷ ನವೆಂಬರಿನಲ್ಲಿ 2017-18ರ ಮನೆಖರ್ಚಿನ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲವೆಂದು ಪ್ರಕಟಿಸದೇ ಬಿಟ್ಟರು. ಮುಂದಿನ ಸಮೀಕ್ಷೆ ನಡೆದದ್ದು 2022-23ರಲ್ಲಿ, ಮುಖ್ಯಾಂಶ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ವರ್ಷವೂ ಬೆಲೆ ಸೂಚ್ಯಂಕದ ಬುಟ್ಟಿಯಲ್ಲಿ ಇದ್ದದ್ದು 2011-12ರ ಅಡುಗೆಮನೆ.

ಇಲ್ಲೊಂದು ಸೂಕ್ಷ್ಮವಿದೆ. ಆ ಎರಡು ಸಮೀಕ್ಷೆಗಳಿಗೂ ಹಣ ಕೇಳಿದ್ದರು, ಸದನ ಕೊಟ್ಟಿತ್ತು, ಸಿಬ್ಬಂದಿ ಮನೆ ಮನೆ ತಿರುಗಿ ಖರ್ಚೂ ಆಗಿತ್ತು. ಲೆಕ್ಕಪುಸ್ತಕದ ದೃಷ್ಟಿಯಲ್ಲಿ ಎಲ್ಲ ಸರಿ. ಜನರ ಕೈಗೆ ಅಂಕಿ ಮಾತ್ರ ಬರಲಿಲ್ಲ, ಅಥವಾ ಹೊತ್ತಿಗೆ ಬರಲಿಲ್ಲ. ಜನಗಣತಿಯದು ಇದರ ತಿರುವುಮುರುವು. 2019ರ ಡಿಸೆಂಬರಿನಲ್ಲಿ ಸಂಪುಟ 8,754 ಕೋಟಿ ಒಪ್ಪಿತು. 2020ರಲ್ಲಿ ಕೊರೊನಾ ಬಂತು. 2021ರ ಬಜೆಟ್ ಭಾಷಣದಲ್ಲಿ ಗಣತಿಗೆ 3,768 ಕೋಟಿ ಎಂದು ಘೋಷಿಸಿದರು, ಆ ವರ್ಷವೂ ಯಾರೂ ಬಾಗಿಲು ತಟ್ಟಲಿಲ್ಲ. ಹಣ ಉಳಿಯಿತಲ್ಲ ಎನ್ನುವುದು ಅಂಗಡಿ ಲೆಕ್ಕ. ಎಣಿಕೆಯ ಇಲಾಖೆಯನ್ನು ಪರೀಕ್ಷಿಸುವವರು ದುಡ್ಡು ಖರ್ಚಾಯಿತೇ ಎಂಬಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ. ಯಾವ ಅಂಕಿ, ಯಾವ ತಾರೀಖಿಗೆ ಕೊಡುತ್ತೇವೆಂದಿದ್ದಿರಿ, ಕೊಟ್ಟಿರಾ ಎಂಬುದು ಉಳಿದರ್ಧ.

ಆ ಉಳಿದರ್ಧ ಕೇಳಲು ಬ್ರಿಟನ್ನಿನಲ್ಲಿ ಕಾಯ್ದೆಯ ಬಲವಿದೆ. 2007ರ ಕಾಯ್ದೆಯಿಂದ ಹುಟ್ಟಿದ ಅಲ್ಲಿನ ಸಾಂಖ್ಯಿಕ ಪ್ರಾಧಿಕಾರ ಮಂತ್ರಿಗಳ ಮೂಲಕವಲ್ಲದೆ ನೇರವಾಗಿ ಸಂಸತ್ತಿಗೆ ವರದಿ ಒಪ್ಪಿಸುತ್ತದೆ. ಅಧ್ಯಕ್ಷರಾಗುವವರನ್ನು ನೇಮಕಕ್ಕೆ ಮೊದಲೇ ಸಂಸತ್ ಸಮಿತಿ ಕೂರಿಸಿ ಪ್ರಶ್ನಿಸುತ್ತದೆ. ಭಾರತದ ಆಯೋಗ ಸಿ. ರಂಗರಾಜನ್ ಆಯೋಗದ 2001ರ ಶಿಫಾರಸಿನ ಫಲ. ಕಾಯ್ದೆಯಿಂದ ಹುಟ್ಟಬೇಕೆಂದು ಅವರು ಹೇಳಿದ್ದರೂ 2005ರಲ್ಲಿ ಅದು ಹುಟ್ಟಿದ್ದು ಸರ್ಕಾರದ ಒಂದು ನಿರ್ಣಯದಿಂದ. ಅದರ ಖರ್ಚೂ ಸಚಿವಾಲಯದ ಚೀಲದಿಂದಲೇ ಬರುತ್ತದೆ. ಕಾಯಬೇಕಾದವನಿಗೆ ಊಟ ಹಾಕುವವರು ಯಾರು ಎಂಬುದು ಹಳೆಯ ಪ್ರಶ್ನೆ.

2025ರ ಡಿಸೆಂಬರಿನಲ್ಲಿ ಸಂಪುಟ ಹೊಸ ಗಣತಿಗೆ 11,718 ಕೋಟಿ ಒಪ್ಪಿದೆ. ಮನೆಪಟ್ಟಿಗೆ ಗೊತ್ತುಪಡಿಸಿದ್ದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಜನರ ಎಣಿಕೆಗೆ ಆಧಾರ 2027ರ ಮಾರ್ಚ್ 1ರ ಹೊತ್ತು. ಜಿಲ್ಲೆ-ತಾಲ್ಲೂಕುಗಳ ಗಡಿ ಬದಲಿಸುವುದಿದ್ದರೆ 2025ರ ಡಿಸೆಂಬರ್ 31ರೊಳಗೆ ಮುಗಿಸಿ ಎಂದು ರಾಜ್ಯಗಳಿಗೆ ಹೇಳಿದ್ದರು. ಆದ್ದರಿಂದ ಈ ಸಲ ಸಾಲಿಗ್ರಾಮಕ್ಕೂ ಸರಗೂರಿಗೂ ತಮ್ಮದೇ ಸಾಲು ಸಿಗಬೇಕು. ಮೊಬೈಲ್ ಹಿಡಿದು ಮನೆಗೆ ಬರುವವರಲ್ಲಿ ಹೆಚ್ಚಿನವರು ಶಾಲಾ ಮೇಷ್ಟರುಗಳೇ. ಎಣಿಸಿದ ಮೇಲೆ ತಾಲ್ಲೂಕಿನ ಪಟ್ಟಿ ಯಾವಾಗ ಅಚ್ಚಾಗುತ್ತದೆಂಬುದು ಗೃಹ ವ್ಯವಹಾರಗಳ ಸಮಿತಿ ಕೇಳಬೇಕಾದ ಮಾತು.

ಸಮಿತಿಗೆ ನೆನಪಿಸಲು ಪ್ರಜೆಗಳಿಗೂ ದಾರಿಯಿದೆ, ವಿಳಾಸ ಸರಿಯಾಗಿರಬೇಕು. ಹುಣಸೂರು, ಪಿರಿಯಾಪಟ್ಟಣದವರು ಮೈಸೂರಿನ ಸಂಸದರಿಗೆ ಬರೆಯಬೇಕು. ಎಚ್.ಡಿ. ಕೋಟೆಯವರದು ಚಾಮರಾಜನಗರ ಕ್ಷೇತ್ರ. ಜಿಲ್ಲೆ ಮೈಸೂರಾದರೂ ಕೆ.ಆರ್. ನಗರ, ಸಾಲಿಗ್ರಾಮದವರ ಕಾಗದ ಹೋಗಬೇಕಾದ್ದು ಮಂಡ್ಯದ ಸಂಸದರಿಗೆ. ಸಂಸದರು ಸಚಿವರಾಗಿದ್ದರೆ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಆಗ ರಾಜ್ಯಸಭೆಯಲ್ಲಿರುವ ಕರ್ನಾಟಕದ ಹನ್ನೆರಡು ಮಂದಿಯಲ್ಲಿ ಯಾರಿಗಾದರೂ ಬರೆಯಬಹುದು.