ಕಾರ್ಯಾದೇಶದ ಜೊತೆ ಒಂದು ಲೆಕ್ಕದ ಹಾಳೆ: ಪಾಂಡವಪುರದ ಉಪವಿಭಾಗಾಧಿಕಾರಿಗಳಿಗೆ ಬಹಿರಂಗ ಪತ್ರ



ಮನೆ ಕಟ್ಟುವ ಖರ್ಚಿನ ವಿಷಯವನ್ನು ಎ.ಸಿ. ಸಾಹೇಬರಿಗೆ ಯಾಕೆ ಬರೆಯುತ್ತೀಯ ಎಂದು ಸ್ನೇಹಿತರು ಕೇಳಿದರು. ವಸತಿ ಯೋಜನೆ ಜಿಲ್ಲಾ ಪಂಚಾಯಿತಿಯದು, ಕಂತು ಬಿಡುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಕ್ವಾರಿ ಗಣಿ ಇಲಾಖೆಯದು, ದರಪಟ್ಟಿ ಲೋಕೋಪಯೋಗಿಯವರದು. ಎಲ್ಲ ನಿಜ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನೇ ಒಟ್ಟಿಗೆ ಕೂರಿಸಿ ಮಾತಾಡಿಸಬಲ್ಲ ಕಚೇರಿ ನಿಮ್ಮದು. ನಾನು ಹೇಳಬೇಕಾಗಿರುವುದೂ ಈ ನಾಲ್ಕರ ನಡುವಿನ ವ್ಯತ್ಯಾಸವನ್ನೇ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ಎಂದು ನಿಗದಿಯಾಯಿತು. 2024ರಲ್ಲಿ ಯೋಜನೆಯನ್ನು ಮತ್ತೈದು ವರ್ಷ ಮುಂದುವರಿಸಿದಾಗಲೂ ಅಷ್ಟೇ ಉಳಿಯಿತು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ 269 ಚದರಡಿ. ಭಾಗಿಸಿದರೆ ಅಡಿಗೆ 446 ರೂಪಾಯಿ. ಉದ್ಯೋಗ ಖಾತರಿಯ 90 ಮಾನವ ದಿನದ ಕೂಲಿಯನ್ನು 2025-26ರ 370 ರೂಪಾಯಿ ದರದಲ್ಲಿ ಸೇರಿಸಿ, ಶೌಚಾಲಯದ 12 ಸಾವಿರವನ್ನೂ ಕೂಡಿಸಿದರೆ ಒಟ್ಟು 1,65,300. ಆಗಲೂ ಅಡಿಗೆ 615 ದಾಟುವುದಿಲ್ಲ. ಯಾವ ಮೇಸ್ತ್ರಿಯೂ ಈ ದರಕ್ಕೆ ಪಾಯದ ದಾರ ಕಟ್ಟುವುದಿಲ್ಲ. ಆದರೆ ಸಹಾಯಧನ ಹೆಚ್ಚಿಸಿ ಎಂದು ನಿಮ್ಮನ್ನು ಕೇಳುವುದು ವ್ಯರ್ಥ, ಅದು ದೆಹಲಿ, ಬೆಂಗಳೂರಿನ ಮಾತು. ನಾನು ಕೇಳುತ್ತಿರುವುದು ಎಸ್ಟಿಮೇಟು.

ಸರ್ಕಾರ ತನಗಾಗಿ ಒಂದು ಮೋರಿ ಕಟ್ಟಿಕೊಳ್ಳಲಿ, ಅದಕ್ಕೆ ಅಂದಾಜುಪಟ್ಟಿ ಇರುತ್ತದೆ. ಎಷ್ಟು ಘನ ಮೀಟರ್ ಅಗೆತ, ಎಷ್ಟು ಕಲ್ಲು ಕಟ್ಟಡ, ಎಷ್ಟು ಕಾಂಕ್ರೀಟು. ಜಲ್ಲಿ ಎಷ್ಟು ದೂರದಿಂದ ಬರುತ್ತದೆ ಎಂದು ಲೀಡ್ ಲೆಕ್ಕ. ಕೊನೆಗೆ ಅನಿರೀಕ್ಷಿತ ಖರ್ಚಿಗೆ ಶೇಕಡಾ ಇಷ್ಟು. ಅದೇ ಸರ್ಕಾರದ ದುಡ್ಡಿನಲ್ಲಿ ಏಳುವ ಬಡವರ ಮನೆಗೆ ಮಾತ್ರ ಒಂದೇ ಸಾಲು: ಮಂಜೂರಾದ ಮೊತ್ತ. ಉಳಿದ ಎಸ್ಟಿಮೇಟನ್ನೆಲ್ಲ ಮೇಸ್ತ್ರಿ ಬಾಯಲ್ಲೇ ಕೊಡುತ್ತಾನೆ. "ಮೊದ್ಲು ಐವತ್ತು ಚೀಲ ಸಿಮೆಂಟ್ ತರ್ಸಣ್ಣ, ಸಾಲ್ದೆ ಬಂದ್ರೆ ಆಮೇಕ್ ನೋಡ್ಕಳಾನ." ಮೇಸ್ತ್ರಿಯನ್ನು ದೂರುತ್ತಿಲ್ಲ. ಅವನ ಲೆಕ್ಕ ಬಹಳ ಸಲ ಸರಿಯಾಗಿಯೇ ಇರುತ್ತದೆ, ತಲೆಯಲ್ಲಿರುತ್ತದೆ ಅಷ್ಟೆ. ಕಟ್ಟಿಸುವವರ ಕೈಗೆ ಅದು ಸಿಗುವುದಿಲ್ಲ.

ಈಗ ನೆಲದ ವಿಷಯ. 25 ಚದರ ಮೀಟರಿನ ಮನೆಗೆ ಅಡ್ಡಗೋಡೆ ಸೇರಿ ಪಾಯದ ಉದ್ದ ಸುಮಾರು 80 ಅಡಿ ಬರುತ್ತದೆ. ಎರಡೂವರೆ ಅಡಿ ಅಗಲ ಅಗೆದರೆ, ಪಾಯ ಒಂದೊಂದು ಅಡಿ ಆಳಕ್ಕೆ ಹೋದಾಗಲೂ 200 ಘನ ಅಡಿ ಅಗೆತ, 200 ಘನ ಅಡಿ ಕಲ್ಲು ಕಟ್ಟಡ ಹೆಚ್ಚಾಗುತ್ತದೆ. ನಾಗಮಂಗಲದ ಕಡೆ ಎಷ್ಟೋ ಊರುಗಳಲ್ಲಿ ಮೊಣಕಾಲುದ್ದ ತೆಗೆಯುವಷ್ಟರಲ್ಲಿ ಗಟ್ಟಿ ಗರಸು ಮಣ್ಣು ಸಿಕ್ಕಿಬಿಡುತ್ತದೆ. ಶ್ರೀರಂಗಪಟ್ಟಣದಲ್ಲಿ ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಯ ಸಾಗರ ನಾಲೆಗಳ ಬಯಲು, ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲು ಹಾಗಲ್ಲ. ಗದ್ದೆ ಮಗ್ಗುಲಿನ ನಿವೇಶನದಲ್ಲಿ ನಾಲ್ಕಡಿ ಇಳಿದರೂ ಮಣ್ಣು ಮೆತ್ತಗೇ ಇರುತ್ತದೆ, ನಾಲೆಗೆ ನೀರು ಬಿಟ್ಟ ಕಾಲವಾದರೆ ಜಿನುಗುತ್ತದೆ. ಎರಡು ಅಡಿ ಹೆಚ್ಚು ಹೋದರೆ 400 ಘನ ಅಡಿ ಕಲ್ಲು. ಮೇಲೆ ಪ್ಲಿಂತ್ ಬೀಮ್ ಬೇರೆ ಬೇಕು. ಕೆ.ಆರ್. ಪೇಟೆಯಲ್ಲಂತೂ ಎರಡೂ ಇದೆ, ಹೇಮಾವತಿ ನಾಲೆಯ ಕೆಳಗೊಂದು ಬಗೆ, ಮೇಲಿನ ಬೋರೆಯಲ್ಲೊಂದು ಬಗೆ. ಹಾಗಂತ ನಾಗಮಂಗಲದವರಿಗೆ ಲಾಭವೆಂದು ತಿಳಿಯಬೇಡಿ. ಪಾಯದಲ್ಲಿ ಉಳಿದದ್ದು ಬೇಸಿಗೆಯಲ್ಲಿ ಕ್ಯೂರಿಂಗಿಗೆ ಹೊಡೆಸುವ ಟ್ಯಾಂಕರ್ ನೀರಿಗೆ ಹೋಗುತ್ತದೆ.

ಕಂತು ಬಿಡುಗಡೆಯಾಗುವುದು ಹಂತ ನೋಡಿ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಗರಸಿನ ಮೇಲೆ ನಿಂತ ಪಾಯಕ್ಕೂ ಗದ್ದೆ ಬದಿಯ ಪಾಯಕ್ಕೂ ಫೋಟೋ ಒಂದೇ ಥರ ಬರುತ್ತದೆ. ನೆಲದೊಳಗೆ ಹೂತುಹೋದ ಕಲ್ಲು ಜಿಪಿಎಸ್ ಫೋಟೋದಲ್ಲಿ ಕಾಣುವುದಿಲ್ಲ. ಲಿಂಟಲ್ ಮಟ್ಟಕ್ಕೆ ಬಂದು ನಿಂತು, ಗೋಡೆ ಮೇಲೆ ಹುಲ್ಲು ಬೆಳೆದಿರುವ ಮನೆಗಳನ್ನು ನೀವು ಜೀಪಿನಿಂದಲೇ ನೋಡಿರುತ್ತೀರಿ. ಅವುಗಳಲ್ಲಿ ಎಷ್ಟೋ ಕಡೆ ಛಾವಣಿಯ ದುಡ್ಡು ಪಾಯದಲ್ಲೇ ಮುಗಿದುಹೋಗಿರುತ್ತದೆ. ಇನ್ನು ಕೆಲವು ಕಡೆ ತಪ್ಪು ನಮ್ಮದೇ: ಎರಡೂಮುಕ್ಕಾಲು ಚದರಕ್ಕೆ ಮಂಜೂರಾತಿ, ಪಾಯ ತೆಗೆಸುವುದು ಎಂಟು ಚದರಕ್ಕೆ. "ದಾಯಾದಿ ಮನೆಗಿಂತ ಚಿಕ್ಕದು ಕಟ್ಟೋದಾ?" ಎನ್ನುವವರಿಗೆ ಬುದ್ಧಿ ಹೇಳಿ ಗೆದ್ದವರಿಲ್ಲ. ಆದರೆ ಎಂಟು ಚದರ ಎಷ್ಟು ಕಬ್ಬಿಣ ನುಂಗುತ್ತದೆ ಎಂದು ಹಾಳೆಯಲ್ಲಿ ಕಂಡರೆ ಕೆಲವರಾದರೂ ದಾರ ಕಟ್ಟುವ ಮುಂಚೆ ಇನ್ನೊಮ್ಮೆ ಯೋಚಿಸುತ್ತಾರೆ.

ಛಾವಣಿಯನ್ನೇ ತೆಗೆದುಕೊಳ್ಳಿ. ಗೋಡೆಯ ದಪ್ಪ ಸೇರಿ 320 ಚದರಡಿ, ನಾಲ್ಕಿಂಚು ದಪ್ಪ. ಮೂರು ಘನ ಮೀಟರ್ ಕಾಂಕ್ರೀಟು. ಒಂದಕ್ಕೆ ಒಂದೂವರೆ, ಮೂರರ ಮಿಶ್ರಣಕ್ಕೆ 25 ಚೀಲ ಸಿಮೆಂಟು, 45 ಘನ ಅಡಿ ಎಂ ಸ್ಯಾಂಡ್, 90 ಘನ ಅಡಿ ಜಲ್ಲಿ, ಅಂದಾಜು 240 ಕೆ.ಜಿ. ಕಬ್ಬಿಣ. ಆರಿಂಚಿನ ಸಾಲಿಡ್ ಬ್ಲಾಕಾದರೆ ನೂರು ಚದರಡಿ ಗೋಡೆಗೆ 105ರಿಂದ 112. ಇಂಥ ಹತ್ತು ಹನ್ನೆರಡು ಸಾಲು ಸಾಕು, ಒಂದು ಹಾಳೆ ತುಂಬುತ್ತದೆ. ಇದರಲ್ಲಿ ರೂಪಾಯಿಗಿಂತ ಪರಿಮಾಣ ಮುಖ್ಯ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಆವತ್ತಿಗೆ ಹಳೆಯ ದರಪಟ್ಟಿಗಳೆಲ್ಲ ಹಳಸಿದವು, ಆದರೆ ಛಾವಣಿಗೆ ಬೇಕಾದ 25 ಚೀಲ 25 ಚೀಲವಾಗಿಯೇ ಉಳಿಯಿತು. ದರದ ಕಾಲಂ ಖಾಲಿ ಬಿಟ್ಟು ಕೊಡಿ, ಅಂಗಡಿಯಲ್ಲಿ ಕೇಳಿ ತುಂಬಿಕೊಳ್ಳುತ್ತಾರೆ.

ಜಲ್ಲಿ, ಸೈಜುಗಲ್ಲಿನ ವಿಷಯದಲ್ಲಿ ಮಾತ್ರ ದೂರವನ್ನೂ ಬರೆಯಬೇಕು. 2024ರ ಜನವರಿಯಲ್ಲಿ ಹೈಕೋರ್ಟು ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ ನಿಷೇಧಿಸಿತು. ನನ್ನನ್ನು ಕೇಳಿದರೆ ಸರಿಯೇ. ಕಲ್ಲು ಸುರ್ಕಿ ಗಾರೆಯಲ್ಲಿ ಎದ್ದ ಆ ಕಟ್ಟೆ ನಡುಗಿದರೆ ಮನೆ ಕಟ್ಟಲು ನಾವು ಯಾರೂ ಉಳಿಯುವುದಿಲ್ಲ. ಆದರೆ ಆ ವ್ಯಾಪ್ತಿಯೊಳಗಿನ ಬೇಬಿ ಬೆಟ್ಟದ ಮಗ್ಗುಲಿನವರಿಗೆ ಕಲ್ಲು ಈಗ ದೂರದ ಸರಕು. ಗುತ್ತಿಗೆದಾರನಿಗೆ ಲೀಡ್ ಕಟ್ಟಿಕೊಡುವ ಲೆಕ್ಕ ಫಲಾನುಭವಿಗೆ ಯಾಕಿಲ್ಲ?

ಅಳತೆಯ ಗೋಜಲೂ ಇದೆ. ಕ್ರಷರಿನಲ್ಲಿ ಟನ್ನು, ಮನೆ ಮುಂದೆ ಸುರಿಯುವಾಗ ಲೋಡು, ಮೇಸ್ತ್ರಿಯ ಬಾಯಲ್ಲಿ ಅಡಿ. ಟ್ರಾಕ್ಟರಿನ ತೊಟ್ಟಿ ಹತ್ತಡಿ ಉದ್ದ, ಆರಡಿ ಅಗಲವಿದ್ದು ಒಂದೂವರೆ ಅಡಿ ತುಂಬಿದರೆ 90 ಘನ ಅಡಿ, ಒಂದೂಮುಕ್ಕಾಲಾದರೆ 105. ಎರಡಕ್ಕೂ ಹೆಸರು ಒಂದೇ: ಲೋಡು. ಒದ್ದೆ ಎಂ ಸ್ಯಾಂಡನ್ನು ತೂಕದಲ್ಲಿ ಕೊಂಡವನು ನೀರಿಗೂ ದುಡ್ಡು ಕೊಟ್ಟಿರುತ್ತಾನೆ. ತೊಟ್ಟಿಯ ಮೇಲೆ ಘನ ಅಡಿಯನ್ನು ಬಣ್ಣದಲ್ಲಿ ಬರೆಸಿ ಎಂದು ಕಾನೂನು ಮಾಪನಶಾಸ್ತ್ರ ಇಲಾಖೆಗೂ ನಿಮ್ಮ ತಹಶೀಲ್ದಾರರಿಗೂ ಒಂದು ಪತ್ರ ಹೋಗಲಿ.

ಶ್ರೀರಂಗಪಟ್ಟಣದ ಹಾಳೆಗೆ ಇನ್ನೊಂದು ಸಾಲು ಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಮುಂದಿನ 200 ಮೀಟರಿನಲ್ಲಿ ಅನುಮತಿ ಬೇಕು. ಕೋಟೆಯೊಳಗೂ ಗಂಜಾಂ ಕಡೆಯೂ ಇಟ್ಟಿಗೆ ಇಳಿಸಿಕೊಂಡ ಮೇಲೆ ಇದು ಗೊತ್ತಾದರೆ ಆ ಇಟ್ಟಿಗೆ ಮಳೆಗೆ ನೆನೆಯುತ್ತದೆ.

ಅಗ್ಗದ ದಾರಿಯಿಲ್ಲವೇ ಎಂದರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕನ್ನು ಬೆಳೆಸಿದರು. ಮರಳಿನಂಶವಿರುವ ನಾಗಮಂಗಲದ ಕೆಂಪು ಮಣ್ಣು ಅದಕ್ಕೆ ಒಗ್ಗುವಂಥದ್ದು. ಆದರೆ ಬಡವರಿಗೇ ಮೊದಲು ಉಪದೇಶ ಬೇಡ. "ಮಣ್ಣಿನ ಗೋಡೆಗೆ ಸರ್ಕಾರದ ದುಡ್ಡು ಬೇಕಿತ್ತಾ" ಎಂಬ ಮಾತು ಕೇಳುವವರು ಅವರು. ನಿರ್ಮಿತಿ ಕೇಂದ್ರದಿಂದ ಹೋಬಳಿಗೊಂದು ಅಂಗನವಾಡಿ ಹಾಗೆ ಏಳಲಿ, ನಾಲ್ಕು ಮಳೆಗಾಲ ಜನ ನೋಡಲಿ.

ಹಾಳೆಯಲ್ಲಿ ಯಾವ ಇಲಾಖೆಯೂ ಬರೆಯದ ಖರ್ಚುಗಳಿಗೂ ಜಾಗವಿರಲಿ: ಗುದ್ದಲಿ ಪೂಜೆ, ಬಾಗಿಲು ಪೂಜೆ, ಮೋಲ್ಡ್ ಹಾಕಿದ ದಿನದ ಬಾಡೂಟ. ನಗಬೇಡಿ. ಮೋಲ್ಡಿನ ದಿನ ಆಳುಗಳಿಗೆ ಬಾಡೂಟ ಹಾಕದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ಲೆಕ್ಕಕ್ಕೆ ಬರದ ಆ ದುಡ್ಡು ಬರುವುದು ಕೈಸಾಲದಿಂದಲೇ.

ಇಷ್ಟಕ್ಕೆ ಹೊಸ ಅನುದಾನ ಬೇಕಿಲ್ಲ, ಒಂದು ಸಭೆ ಸಾಕು. ನಾಲ್ಕು ತಾಲ್ಲೂಕು ಪಂಚಾಯಿತಿಗಳ ಕಾರ್ಯನಿರ್ವಹಣಾಧಿಕಾರಿಗಳು, ಎಂಜಿನಿಯರುಗಳು, ನಿರ್ಮಿತಿ ಕೇಂದ್ರದವರು ಕೂತು ಒಣನೆಲಕ್ಕೊಂದು, ನಾಲೆ ಬಯಲಿಗೊಂದು ಹಾಳೆ ಮಾಡಿ, ಕಾರ್ಯಾದೇಶದ ಜೊತೆಗೇ ಪಿನ್ ಹೊಡೆದು ಕೊಡುವಂತಾಗಲಿ. ಧನುರ್ಮಾಸ ಕಳೆದು ಸಂಕ್ರಾಂತಿ ಮುಗಿದ ಮೇಲೆ ಪಾಯ ತೆಗೆಯುವವರು ಹೆಚ್ಚು. ಅಷ್ಟರೊಳಗೆ ಆದರೆ ಉಪಯೋಗ. ಸಭೆಗೆ ತಾಲ್ಲೂಕಿಗೆ ಇಬ್ಬರಂತೆ ಮೇಸ್ತ್ರಿಗಳನ್ನೂ ಕರೆಯಿರಿ. ಕೂಲಿ ಬಿಟ್ಟು ಬರಬೇಕಾದವರು ಅವರು, ಶನಿವಾರ ಬಟವಾಡೆ ಮುಗಿದಿರುತ್ತದೆ, ಭಾನುವಾರ ಇಟ್ಟರೆ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಕೆ.ಆರ್. ಪೇಟೆ ತಾಲ್ಲೂಕಿನ ಒಬ್ಬ ನಿವಾಸಿ